ಸಾಂಧಣ ದರಿನೋ ಗಂಡಿಕೋಟನೋ: ನಲವತ್ತೈದು ದಾಟಿದ ಮೊಣಕಾಲಿನವ್ರಿಗೆ

ದೀಪಾವಳಿ ಸೂಟಿ ಹತ್ರ ಬಂತಂದ್ರ ಸ್ಟಾಫ್ ರೂಮಿನ್ಯಾಗ ಯಾರರ ಒಬ್ರು ಕೇಳೇ ಕೇಳ್ತಾರ, ಟೀಚರ್, ನೀವು ಎರಡೂ ಕಡೆ ಹೋಗಿ ಬಂದೀರಿ, ಸಾಂಧಣ ಛಲೋನೋ ಗಂಡಿಕೋಟ ಛಲೋನೋ? ಸಾಂಧಣ ದರಿ ಅಂದ್ರ ಮಹಾರಾಷ್ಟ್ರದ ಘಾಟದಾಗಿನ ಕಣಿವಿ, ಗಂಡಿಕೋಟ ಆಂಧ್ರದ ಕಣಿವಿ. ಎರಡರದೂ ಫೋಟೋ ಮೊಬೈಲಿನ್ಯಾಗ ನೋಡಿದ್ರ ಒಂದೇ ಥರ ಕಾಣಸ್ತಾವ, ಎರಡು ಕಡೆ ಕಲ್ಲಿನ ಗ್ವಾಡಿ, ನಡುವ ಸಣ್ಣ ಮನುಷ್ಯಾ, ಕೈ ಮ್ಯಾಲೆತ್ತಿ ನಿಂತಿರ್ತಾನ. ಆದ್ರ ಕಾಲಿಗೆ ಎರಡೂ ಪೂರಾ ಬ್ಯಾರೆ ಬ್ಯಾರೆ. ನಾನು ಹೋಗಿದ್ದು ನಲವತ್ತೈದು ದಾಟಿದ ಮ್ಯಾಲ, ಈಗ ರಿಟೈರ್‌ಮೆಂಟ್ ಹತ್ರ ಬಂದದ, ಆಗಿನ ಉಮೇದಿನೂ ಇಳದದ ಆಗಿನ ಅಂಜಿಕಿನೂ ಇಳದದ, ಹಂಗಾಗಿ ತಂಪು ತಲಿಯಿಂದ ಹೇಳಬಹುದು ಅನಸ್ತದ.

ಪೈಲಾ ನನ್ನ ತೀರ್ಮಾನ ಹೇಳಿಬಿಡ್ತೀನಿ, ಆಮ್ಯಾಲ ಕಾರಣ. ನನಗ ಸಾಂಧಣನೇ ಹೆಚ್ಚು. ಆದ್ರ ನಮ್ಮ ವಯಸ್ಸಿನವ್ರು ಯಾರರ ಕೇಳಿದ್ರ ಹತ್ತರಾಗ ಎಂಟು ಮಂದಿಗೆ ಗಂಡಿಕೋಟಕ್ಕ ಹೋಗ್ರಿ ಅಂತೀನಿ. ಇದರಾಗ ಮುಚ್ಚುಮರಿ ಏನಿಲ್ಲ, ಗಂಡಿಕೋಟದಾಗ ಬ್ಯಾಸರಾದ ಕೂಡ್ಲೇ ಕುಂದ್ರಬಹುದು, ಸಾಕಾತಂದ್ರ ತಿರುಗಿ ಬರಬಹುದು. ಸಾಂಧಣದಾಗ ಹಗ್ಗದಿಂದ ಒಮ್ಮೆ ಕೆಳಗ ಇಳದ್ರಿ ಅಂದ್ರ ಅದೇ ದಾರಿಯಿಂದ ವಾಪಸ್ ಇಲ್ಲ, ಮುಂದ ಹೋಗೇ ಹೋಗಬೇಕು. ಮಧ್ಯವಯಸ್ಸಿನ್ಯಾಗ ಕಣಿವಿ ಆರಿಸ್ಕೊಳ್ಳಾಕ ನಾನು ನೋಡೂದು ಇದೊಂದೇ: ವಾಪಸ್ ಬರೋ ದಾರಿ ಯಾವಾಗ ಮುಚ್ಚತದ, ಮತ್ತ ಆ ಹೊತ್ತಿಗೆ ಜೋಡಿ ಇರೋ ಗೈಡ್ ಎಂಥಾವ. ಆಳ ಎಷ್ಟು, ಉದ್ದ ಎಷ್ಟು ಅನ್ನೂದೆಲ್ಲ ಫೋಟೋಕ್ಕ ಬೇಕಾಗೂವು.

ನಾನು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲಾದಾಗ ಅಕ್ಕಲಕೋಟ ತಾಲೂಕಿನ ಕನ್ನಡ ಶಾಳಿ ಟೀಚರ್, ಭೂಗೋಳ ಕಲಸ್ತೀನಿ. ಬಾಲಭಾರತಿ, ಅಂದ್ರ ಮಹಾರಾಷ್ಟ್ರದ ಪಠ್ಯಪುಸ್ತಕದಾಗ, ನದಿಯ ಕೆಲಸ ಅನ್ನೋ ಪಾಠ ಬಂತಂದ್ರ ಬೋರ್ಡಿನ ಮ್ಯಾಲ ಕಣಿವಿ ಚಿತ್ರ ತಗೀತಿದ್ದೆ. ನಮ್ಮ ಕಡೆ ನೆಲ ನೋಡ್ರಿ ಸಪಾಟ, ಕರಿ ಮಣ್ಣು, ಜ್ವಾಳ, ತೊಗರಿ, ಮಳಿ ಕಡಿಮಿ, ಎತ್ತರ ಅಂದ್ರ ನೀರಿನ ಟಾಕಿ ಅಷ್ಟ. ಹುಡುಗ್ರು ಟೀಚರ್ ನೀವು ನೋಡೀರೇನು ಅಂತ ಕೇಳಿದ್ರ ಇಲ್ಲ ಅಂತ ಹೇಳಿ ಹೇಳಿ ಸಾಕಾಗಿತ್ತು. ಜೋಡಿಗೆ ನಮ್ಮ ವೈನಿ, ಅಂದ್ರ ಅತ್ತಿಗಿ, ಬಂದ್ರು, ನನಗಿಂತ ಮೂರು ವರ್ಷ ದೊಡ್ಡವ್ರು, ಬಿಪಿ ಗುಳಿಗಿ ನುಂಗ್ತಾರ, ಆದ್ರ ಹಟ ಭಾಳ. ನಮ್ಮ ಮನಿಯವ್ರು ಎರಡು ಸಲನೂ ಬರಲಿಲ್ಲ, ಕಣಿವಿ ನೋಡಾಕ ರೊಕ್ಕ ಕೊಟ್ಟು ಯಾಕ ಬೀಳಬೇಕು ಅಂದ್ರು.

ಕಲ್ಲಿನಿಂದ ಶುರು ಮಾಡ್ತೀನಿ, ಯಾಕಂದ್ರ ಕಾಲು ಇಡೂದು ಕಲ್ಲಿನ ಮ್ಯಾಲ. ಸಾಂಧಣ ಇರೂದು ಭಂಡಾರದರಾ ಹತ್ರ, ಸಾಮ್ರದ ಅನ್ನೋ ಹಳ್ಳಿ, ಅಕೋಲೆ ತಾಲೂಕು, ಮೊದಲ ಅಹಮದನಗರ ಈಗ ಅಹಿಲ್ಯಾನಗರ ಜಿಲ್ಲಾ. ಪೂರಾ ಬಸಾಲ್ಟು, ಅಂದ್ರ ಸುಮಾರು 6.6 ಕೋಟಿ ವರ್ಷದ ಹಿಂದ ಲಾವಾ ಹರದು ಆರಿ ಆದ ಕರಿ ಕಲ್ಲು, ನಮ್ಮ ಸೊಲ್ಲಾಪುರದ ಹೊಲದ ಕರಿ ಮಣ್ಣಿಗೂ ಅದೇ ಮೂಲ. ಗಂಡಿಕೋಟ ಆಂಧ್ರದ ಕಡಪಾ ಜಿಲ್ಲಾದಾಗ, ಜಮ್ಮಲಮಡುಗು ಹತ್ರ, ಎರ್ರಮಲ ಗುಡ್ಡದಾಗ. ಅಲ್ಲಿ ಕ್ವಾರ್ಟ್ಜೈಟು, ಕೆಂಪು ಕಲ್ಲು, ನೂರೈವತ್ತು ಕೋಟಿ ವರ್ಷಕ್ಕೂ ಹಳೇದು, ಶೇಂಗಾ ಹೋಳಿಗಿ ಒಂದರ ಮ್ಯಾಲೊಂದು ಒಟ್ಟಿ ಇಟ್ಟಂಗ ಪದರ ಪದರ ಕಾಣಸ್ತದ. ಕರಿ ಬಸಾಲ್ಟ್ ಹಸಿ ಆತಂದ್ರ ಜಾರತದ, ಪಾಚಿ ಇದ್ದಲ್ಲಿ ಅಂತೂ ಯಾವ ಬೂಟೂ ನಿಲ್ಲೂದಿಲ್ಲ. ಕೆಂಪು ಕಲ್ಲು ಒಣಗಿದಾಗ ಒರಟು, ಬೂಟು ಹಿಡೀತದ, ಆದ್ರ ಬಿಸಲಿಗೆ ಕಾಯ್ತದ, ಮಧ್ಯಾಹ್ನ ಕೈ ಇಟ್ಟು ಹತ್ತೂದು ಆಗೂದಿಲ್ಲ.

ಇನ್ನೊಂದು ಫರಕು. ಗಂಡಿಕೋಟದಾಗ ಖರೇ ನದಿ ಅದ, ಪೆನ್ನಾ. ನಮ್ಮ ಕರ್ನಾಟಕದ ನಂದಿ ಬೆಟ್ಟದ ಕಡೆ ಹುಟ್ಟಿ, ಉತ್ತರ ಪಿನಾಕಿನಿ ಅನಿಸ್ಕೊಂಡು, ಅನಂತಪುರ ಜಿಲ್ಲಾ ಹಾಯ್ದು ತಾಡಿಪತ್ರಿ ದಾಟಿ ಇಲ್ಲಿ ಗುಡ್ಡ ಕೊರದು ಹೋಗ್ಯದ. ಕಣಿವಿ ದಂಡಿಗೆ ಹಳೇ ಕೋಟಿ ಅದ, ಅಂದ್ರ ಕೋಟೆ, ಅದರ ಅಂಚಿನ ಮ್ಯಾಲ ನಿಂತ್ರ ಪೂರಾ ಕಣಿವಿ ಒಂದೇ ನೋಟಕ್ಕ ಸಿಗ್ತದ. ಸಾಂಧಣದಾಗ ಅಂಥಾ ನದಿ ಇಲ್ಲ, ಘಾಟದ ಅಂಚಿನ್ಯಾಗ ಬಿಟ್ಟ ಬಿರುಕು ಅದು, ಮಳಿಗಾಲದ ನೀರು ಅದನ್ನ ಕೊರದು ಕೊರದು ಕೆಳಗ ಕೋಕಣಕ್ಕ ಒಯ್ತದ. ಮ್ಯಾಲಿಂದ ಏನೂ ಕಾಣೂದಿಲ್ಲ, ಹಳ್ಳಿ ದಾಟಿ ಗಿಡದಾಗ ಹಾಯ್ದು ಸ್ವಲ್ಪ ನಡದ್ರಿ, ಬಂತೇನು ಬಂತೇನು ಅನ್ನೂದ್ರಾಗ ಎರಡು ಕಡೆ ಗ್ವಾಡಿ ಎದ್ದು ನಿಂತಿರ್ತಾವ, ಆಕಾಶ ಒಂದು ಪಟ್ಟಿ ಅಷ್ಟ ಉಳೀತದ. ಬೋರ್ಡಿನ ಮ್ಯಾಲ ನಾನು ತಗೀತಿದ್ದ ಚಿತ್ರ ಎರಡಕ್ಕೂ ಹೊಂದಂಗಿಲ್ಲ ಅನ್ನೂದು ಅಲ್ಲೇ ತಿಳೀತು.

ಗಂಡಿಕೋಟಕ್ಕ ಇಂಡಿಯಾದ ಗ್ರ್ಯಾಂಡ್ ಕ್ಯಾನಿಯನ್ ಅಂತ ಎಲ್ಲಾ ಕಡೆ ಬರೀತಾರ. ಅಡ್ಡ ಪದರದ ಕಲ್ಲು, ಬಣ್ಣ, ಅಷ್ಟಕ್ಕ ಹೌದು ಅನ್ನಬಹುದು, ಆದ್ರ ಅಮೆರಿಕಾದ್ದು ಒಂದೂವರಿ ಕಿಲೋಮೀಟರಿಗಿಂತ ಆಳ, 446 ಕಿಲೋಮೀಟರ್ ಉದ್ದ, ಇಲ್ಲಿ ಆಳ ಸುಮಾರು 300 ಫೂಟು. ನಮ್ಮ ವಯಸ್ಸಿಗೆ ಅದೇ ಛಲೋ ಅನ್ರಿ. ಅಲ್ಲಿ ಪಾರ್ಕಿನವ್ರು ಒಂದೇ ದಿನದಾಗ ಕೆಳಗ ನದಿ ತನಕ ಇಳದು ವಾಪಸ್ ಹತ್ತೂ ಸಾಹಸ ಮಾಡಬ್ಯಾಡ್ರಿ ಅಂತ ಬೋರ್ಡೇ ಹಾಕ್ಯಾರ. ಆ ಬೋರ್ಡಿನ ಮಾತು ಸಣ್ಣ ಕಣಿವಿಗೂ ಲಾಗೂ ಆಗ್ತದ. ಗುಡ್ಡ ಹತ್ತೂವಾಗ ಪೈಲಾ ತ್ರಾಸು, ಆಮ್ಯಾಲ ಆರಾಮ, ಆಗೂದಿಲ್ಲ ಅಂದ್ರ ಅರ್ಧಕ್ಕ ಇಳದು ಬರ್ತೀರಿ. ಕಣಿವ್ಯಾಗ ಉಲ್ಟಾ, ಹುರುಪಿನ್ಯಾಗ ಇದ್ದಾಗ ಇಳಿಯೂದು, ದಣಿದ ಮ್ಯಾಲ ಹತ್ತೂದು, ಅದೂ ಬಿಸಲು ಏರಿದ ಮ್ಯಾಲ.

ಮುಟ್ಟೂದ್ರಾಗ ಗಂಡಿಕೋಟ ನಮಗ ಸೀದಾ ಬೀಳ್ತದ. ನಮ್ಮ ಸೊಲ್ಲಾಪುರ, ಅಕ್ಕಲಕೋಟ ರೋಡ್, ವಾಡಿ, ರಾಯಚೂರು, ಗುಂತಕಲ್ ಲೈನೇ ಮುಂದ ತಾಡಿಪತ್ರಿ, ಮುದ್ದನೂರು ಅಂತ ಹೋಗ್ತದ, ಎಲ್ಲಾ ಗಾಡಿ ನಿಲ್ಲೂದಿಲ್ಲ, ನಿಲ್ಲೂದು ನೋಡಿ ಹಿಡೀಬೇಕು. ರಾತ್ರಿ ಮಲಗಿ ಹೋದ್ವಿ, ಮುದ್ದನೂರಿಂದ ಆಟೋ. ಸಾಂಧಣಕ್ಕ ಪುಣೆ ತನಕ ರೇಲ್ವೆ, ಅಲ್ಲಿಂದ ಟ್ರೆಕ್ಕಿಂಗ್ ಗ್ರೂಪಿನ ಬಸ್ಸು, ರಾತ್ರಿ ಹೊರಟು ಸಂಗಮನೇರ, ಅಕೋಲೆ, ರಾಜೂರ ಅಂತ ತಿರುವು ಮ್ಯಾಲ ತಿರುವು, ಬಸ್ಸಿನ್ಯಾಗ ಕಾಲೇಜಿನ ಹುಡುಗ್ರು ಅಂತಾಕ್ಷರಿ ಹಚ್ಚಿದ್ರು, ನಿದ್ದಿ ಬರಲಿಲ್ಲ. ನಿದ್ದಿ ಇಲ್ಲದ ಕಣಿವಿ ಇಳಿಯೂದು ಇಪ್ಪತ್ತೈದಕ್ಕ ನಡೀತದ, ನಲವತ್ತೇಳಕ್ಕ ಅಲ್ಲ. ಈಗ ಯಾರರ ಹೊಂಟ್ರ ಹಿಂದಿನ ದಿನನೇ ಹೋಗಿ ಶೇಂಡಿ ಅಥವಾ ಸಾಮ್ರದದಾಗ ಯಾರದರ ಮನ್ಯಾಗ ರಾತ್ರಿ ಮಲಗ್ರಿ ಅಂತ ಹೇಳ್ತೀನಿ, ಭಾಕರಿ ಪಿಠಲಾ ಹಸಿಮೆಣಸಿನಕಾಯಿ ಠೇಚಾ ಕೊಡ್ತಾರ, ಘೋಂಗಡಿ (ಕಂಬಳಿ) ಹೊದ್ದು ಮಲಗಿದ್ರ ಮುಂಜಾನಿ ಕಾಲು ಮಾತ ಕೇಳ್ತಾವ.

ಈಗ ಗೈಡ್ ವಿಷಯ. ಇದಕ್ಕೇ ನಾನು ಹೆಚ್ಚು ಮಾರ್ಕ್ಸ್ ಇಟ್ಟೀನಿ.

ಸಾಂಧಣದಾಗ ಗೈಡ್ ಎರಡು ಥರ. ಒಂದು ಪುಣೆಯಿಂದ ಜೋಡಿ ಬಂದ ಲೀಡರ್ ಹುಡುಗ್ರು, ಹೆಲ್ಮೆಟ್, ವಾಕಿ ಟಾಕಿ, ಸೀಟಿ, ಬೆನ್ನಿಗೆ ಹಗ್ಗದ ಸುರಳಿ. ಹಗ್ಗದ ಕೆಲಸ ಅವ್ರಿಗೆ ಛಲೋ ಬರ್ತಿತ್ತು, ಅದರಾಗ ಮಾತಿಲ್ಲ. ಆದ್ರ ಅವ್ರು ನಡಿಯೂದು ತಮ್ಮ ವಯಸ್ಸಿನ ಲೆಕ್ಕದಾಗ. ಮುಂದ ಹೋಗಿ ನಿಂತು ಎಲ್ಲಾರೂ ಬರೂತನಕ ಕಾಯ್ತಿದ್ರು, ನಾವು ಮುಟ್ಟಿದ ಕೂಡ್ಲೇ ಚಲಾ ಚಲಾ ಅಂತ ಮತ್ತ ಹೊರಡ್ತಿದ್ರು. ಅಂದ್ರ ಅವ್ರಿಗೂ ಮುಂದಿನವ್ರಿಗೂ ರೆಸ್ಟ್ ಸಿಗ್ತದ, ಕಡೀಕ ಮುಟ್ಟಿದವ್ರಿಗೆ ರೆಸ್ಟೇ ಇಲ್ಲ, ರೆಸ್ಟ್ ಬೇಕಾದವ್ರು ಯಾವಾಗಲೂ ಅವ್ರೇ. ಯಾವ ಗ್ರೂಪಿನ್ಯಾಗ ಹೋದ್ರೂ ಇದು ಇರ್ತದ, ಶಾಳಿ ಟ್ರಿಪ್ಪಿನ್ಯಾಗ ನಾನೂ ಹುಡುಗ್ರಿಗೆ ಇದನ್ನೇ ಮಾಡ್ತೀನಿ ಅನ್ನೂದು ಆವಾಗ ಹೊಳೀತು. ಇನ್ನೊಂದು ಥರದ ಗೈಡ್ ಅದೇ ಹಳ್ಳಿ ಕಾಕಾ, ಆ ಕಡೆ ಮಹಾದೇವ ಕೋಳಿ ಅನ್ನೋ ಆದಿವಾಸಿ ಮಂದಿ ಹೆಚ್ಚು, ಅವ್ರೂ ಅದೇ. ಅರವತ್ತರ ಹತ್ರ ಇರಬೇಕು, ಕಾಲಾಗ ಪ್ಲಾಸ್ಟಿಕ್ ಬೂಟು, ಕೈಯಾಗ ಒಂದು ಕೋಲು. ಅವ್ರದು ಹಿಂದ ನಡಿಯೂದು. ವೈನಿ ಹಿಂದ ನಾಲ್ಕು ಹೆಜ್ಜಿ ಬಿಟ್ಟು ಬರ್ತಿದ್ರು, ತಾಯೀ ಸಾವಕಾಶ, ಘಾಯಿ ನಾಹೀ, ಅಂದ್ರ ಅವಸರ ಇಲ್ಲ, ಅಷ್ಟ ಮಾತು. ಎಲ್ಲಿ ಕಾಲಿಡಬೇಕು ಅಂತ ಅವ್ರು ಹೇಳಲಿಲ್ಲ, ಎಲ್ಲಿ ಇಡಬಾರದು ಅಂತ ಕೋಲಿನಿಂದ ತಟ್ಟಿ ತೋರಸ್ತಿದ್ರು. ಅಲ್ಲಾಡೋ ಕಲ್ಲಿನ ಸಪ್ಪಳ ಬ್ಯಾರೆ ಇರ್ತದ.

ಒಂದ್ಸಲ ನಾನೇ ಮುಂದಿನವ್ರ ಜೋಡಿ ಕೂಡಾಕ ಜೋರ್ ನಡದೆ, ಕಾಕಾ ಹಿಂದಿನಿಂದ ಕರದು ಸುಮ್ನ ಒಂದು ಕಲ್ಲಿನ ಮ್ಯಾಲ ಕುಂದ್ರಿಸಿ ನೀರು ಕುಡೀರಿ ಅಂದ್ರು. ನೀರಡಿಕಿ ಇರಲಿಲ್ಲ, ಆದ್ರೂ ಕುಡದೆ. ಗೈಡ್ ಅಂದ್ರ ದಾರಿ ತೋರಸಾಕ ಅಂತ ತಿಳದಿದ್ದೆ, ಸಾಂಧಣದಾಗ ದಾರಿ ತಪ್ಪೂದು ಹ್ಯಾಂಗ, ಎರಡು ಕಡೆ ಗ್ವಾಡಿ ಅದ, ಒಂದೇ ದಿಕ್ಕು. ಗೈಡ್ ಬೇಕಾಗೂದು ನಮ್ಮನ್ನ ನಿಧಾನ ಮಾಡಾಕ. ಈ ವಯಸ್ಸಿನ್ಯಾಗ ಹುಡುಗ್ರ ಮುಂದ ಸೋಲಬಾರದು ಅನ್ನೋ ಒಂದು ಹುಚ್ಚು ಇರ್ತದ ನೋಡ್ರಿ, ಅದನ್ನ ಹಿಡಿಯೂದು ನಮ್ಮ ಕೈಲಿ ಆಗೂದಿಲ್ಲ.

ಗಂಡಿಕೋಟದಾಗ ಗೈಡ್ ಒಬ್ಬ ತಾತ, ಕೋಟಿ ಒಳಗಿನ ಹಳ್ಳಿಯವ್ರೇ. ತೆಲುಗು. ನಮಗ ಅಡ್ಡಿ ಆಗಲಿಲ್ಲ, ಸೊಲ್ಲಾಪುರದಾಗ ಪದ್ಮಶಾಲಿ ಮಂದಿ ಭಾಳ, ಚಾದರ ನೇಯೋ ಓಣ್ಯಾಗ ಅರ್ಧ ತೆಲುಗೇ ನಡೀತದ, ವೈನಿ ತವರುಮನಿ ಅಲ್ಲೇ ಬಾಜೂಕ. ತಾತ ಕಥಿ ಹೇಳೂದ್ರಾಗ ಗಟ್ಟಿ, ಪೆಮ್ಮಸಾನಿ ನಾಯಕರು ವಿಜಯನಗರದವ್ರ ಕೈಕೆಳಗ ಇಲ್ಲಿ ಆಳಿದ್ದು, ಆಮ್ಯಾಲ ಗೋಲ್ಕೊಂಡಾದ ಮೀರ್ ಜುಮ್ಲಾ ಬಂದು ಕೋಟಿ ತಗೊಂಡಿದ್ದು, ಮಾಧವರಾಯ ಗುಡಿ ಗೋಪುರ, ಜಾಮಿಯಾ ಮಸೀದಿ, ಧಾನ್ಯ ಇಡೋ ದೊಡ್ಡ ಉಗ್ರಾಣ, ಜೈಲು, ಎಲ್ಲಾ ನಿಂತು ನಿಂತು ತೋರಿಸಿದ್ರು. ಫ್ರಾನ್ಸಿನ ವ್ಯಾಪಾರಿ ಟಾವೆರ್ನಿಯೆ 1652ರಾಗ ವಜ್ರದ ವ್ಯಾಪಾರಕ್ಕ ಇಲ್ಲಿ ಮೀರ್ ಜುಮ್ಲಾನ್ನ ಭೆಟ್ಟಿ ಆಗಿದ್ದ ಅನ್ನೂದು ನನಗ ಪುಸ್ತಕದಿಂದ ಗೊತ್ತಿತ್ತು, ನಾನು ಅದನ್ನ ಹೇಳಿದ್ರ ತಾತ ಅವ ಬಂದದ್ದು ನನಗೂ ಗೊತ್ತದ ಅಮ್ಮಾ ಅಂದ್ರು, ನಿನ್ನಿ ಮೊನ್ನಿ ಬಂದು ಹೋದವನ ಸುದ್ದಿ ಹೇಳೂ ದನಿ. ಕೋಟಿಗೆ ಗೈಡ್ ಬೇಕೇ ಬೇಕು, ಇಲ್ಲಾಂದ್ರ ಎಲ್ಲಾ ಬರೇ ಹಳೇ ಗ್ವಾಡಿ. ಕಣಿವಿಗೆ ಅಂಥಾ ಜರೂರಿ ಇಲ್ಲ, ಇಳಿಯೋ ದಾರಿ ಒಂದಿಷ್ಟು ಬಂಡಿಗಲ್ಲಿನ ನಡುವ ಹುಡುಕ್ಕೋತ ಹೋಗೂದು, ತಾತ ಮುಂದ ಹೋಗಿ ಇಲ್ಲಿ ಬರ್ರಿ ಅಂತ ಕರೀತಿದ್ರು ಅಷ್ಟ. ಅರ್ಧಕ್ಕ ವೈನಿ ನಾ ಇಲ್ಲೇ ಕುಂದರ್ತೀನಿ ಅಂದ್ರು, ಕುಂತ್ರು, ಒಂದು ದೊಡ್ಡ ಕಲ್ಲಿನ ನೆರಳಾಗ ಕಡಕ್ ಭಾಕರಿ ಶೇಂಗಾ ಚಟ್ನಿ ಬಿಚ್ಚಿದ್ರು, ನಾನು ನೀರಿನ ತನಕ ಹೋಗಿ ಬಂದೆ, ಯಾರ ಪ್ಲಾನೂ ಕೆಡಲಿಲ್ಲ. ಗಂಡಿಕೋಟದ ದೊಡ್ಡ ಗುಣ ಇದೇ. ಬಿಪಿ ಇದ್ದವ್ರು, ಶುಗರ್ ಇದ್ದವ್ರು, ಮೊಣಕಾಲು ನೋವಿನವ್ರು, ಎತ್ತರಕ್ಕ ಅಂಜೂವ್ರು, ಎಲ್ಲಾರೂ ಒಂದೇ ಟ್ರಿಪ್ಪಿನ್ಯಾಗ ತಮ್ಮ ತಮ್ಮ ತಾಕತ್ತಿನಷ್ಟು ನೋಡಿ ಬರಬಹುದು.

ಅಂಜಿಕಿ ಮಾತು ಬಂತು, ಎರಡರಾಗ ಅದೂ ಬ್ಯಾರೆ. ಗಂಡಿಕೋಟದಾಗ ನಾವು ಹೋದಾಗ ಅಂಚಿಗೆ ಕಠಡಾ, ಅಂದ್ರ ರೇಲಿಂಗು, ಇರಲಿಲ್ಲ, ಮಂದಿ ಸೆಲ್ಫಿ ಹೊಡಕೋತ ತುದಿಗೆ ಹೋಗ್ತಾರ, ನೋಡಾಕ ನಮಗೇ ಎದಿ ಝಲ್ ಅಂತದ, ಗಾಳಿ ಬೀಸಿದ್ರ ಓಢಣಿ ಹಾರತದ. ಆದ್ರ ಅದು ದೂರ ನಿಂತ್ರ ಮುಗೀತು. ಸಾಂಧಣದಾಗ ಅಂಜಿಕಿಯಿಂದ ದೂರ ನಿಲ್ಲಾಕ ಜಾಗ ಇಲ್ಲ.

ಒಳಗ ಹೋದ ಸ್ವಲ್ಪ ಹೊತ್ತಿಗೆ ನೀರು ಅಡ್ಡ ಬರ್ತದ, ಎರಡು ಮಡುವು. ಮಳಿಗಾಲ ಮುಗದ ಹೊಸತರಾಗ ಎದಿ ತನಕನೂ ಇರ್ತದ, ಬ್ಯಾಸಗಿ ಹತ್ರ ಬಂದಂಗ ಇಳೀತದ. ನಾವು ಹೋದಾಗ ಥಂಡಿ ದಿನ, ಬಿಸಲು ಒಳಗ ಮುಟ್ಟೂದು ಮಧ್ಯಾಹ್ನ ಸ್ವಲ್ಪ ಹೊತ್ತು ಅಷ್ಟ, ನೀರು ಹ್ಯಾಂಗಿತ್ತಂದ್ರ ಕಾಲಿಟ್ಟ ಕೂಡ್ಲೇ ಉಸಿರು ನಿಂತು ಮತ್ತ ಬಂತು. ಬ್ಯಾಗು ತಲಿ ಮ್ಯಾಲ, ಹುಡುಗ್ರ ಕೈ ಹಿಡಕೊಂಡು ದಾಟಿದ್ವಿ. ನನಗ ಆ ಟೈಮಿಗೆ ಮುಟ್ಟು ನಿಲ್ಲೂ ವಯಸ್ಸು, ಮೈ ಒಮ್ಮೆಲೇ ಬಿಸಿ ಆಗಿ ಬೆವರೂದು ರಾತ್ರಿಗೆ ನಾಲ್ಕೈದು ಸಲ ನಡೀತಿತ್ತು, ಖರೇ ಹೇಳ್ಬೇಕಂದ್ರ ಆ ತಂಪು ನೀರು ನನಗ ಹುಡುಗ್ರಿಗಿಂತ ಸುಖ ಕೊಟ್ಟಿತು. ಇದನ್ನ ಯಾವ ಟ್ರೆಕ್ ಗ್ರೂಪಿನವ್ರೂ ಬರಿಯೂದಿಲ್ಲ. ಹಂಗೇ ಬರೀದೇ ಇರೋ ಇನ್ನೊಂದು, ಒಂದಕ್ಕ ಹೋಗೂದು. ಎರಡು ಗ್ವಾಡಿ ನಡುವ, ಮುಂದ ಮಂದಿ ಹಿಂದ ಮಂದಿ, ಹೆಣ್ಣುಮಕ್ಕಳು ಎಲ್ಲಿ ಹೋಗಬೇಕು? ಹೊರಡೋಕ ಮುಂಚೆ ಹಳ್ಳ್ಯಾಗ ಹೋಗಿ ಬರೂದು, ಒಳಗ ಗೈಡ್‌ಗೆ ಸಂಕೋಚ ಬಿಟ್ಟು ಹೇಳೂದು, ಕಾಕಾ ದೊಡ್ಡ ಕಲ್ಲು ನೋಡಿ ಜಾಗ ಮಾಡಿಕೊಟ್ಟು ತಾವು ಎಲ್ಲಾರನ್ನೂ ಮುಂದ ಕರಕೊಂಡು ಹೋಗಿ ನಿಂತ್ರು. ಸಂಕೋಚಕ್ಕ ನೀರೇ ಕುಡಿಯದ ಇರೂ ಹೆಣ್ಣುಮಕ್ಕಳನ್ನ ನೋಡೀನಿ, ಅದು ಮಾತ್ರ ಬ್ಯಾಡ್ರಿ, ತಲಿ ತಿರುಗೂದು ಅಲ್ಲಿಂದೇ ಶುರು. ಗಂಡಿಕೋಟದಾಗ ಈ ಚಿಂತಿ ಕಡಿಮಿ, ಮ್ಯಾಲೇ ಹರಿತಾ ಹೋಟೆಲ್ ಅದ.

ಮತ್ತ ಚಷ್ಮಾ. ನಲವತ್ತೈದು ದಾಟಿದವ್ರು ಬಹಳ ಮಂದಿ ಪ್ರೋಗ್ರೆಸ್ಸಿವ್ ಹಾಕೋತಾರ, ಮ್ಯಾಲ ದೂರದ್ದು ಕೆಳಗ ಓದೂದು. ಇಳಿಯೂವಾಗ ನಾವು ಕಾಲು ನೋಡ್ತೀವಿ, ಕಾಲು ಕಾಣಸೂದು ಚಷ್ಮಾದ ಕೆಳಗಿನ ಭಾಗದಾಗ, ಅದು ಪುಸ್ತಕ ಹಿಡದಷ್ಟು ಹತ್ರಕ್ಕ ಮಾಡಿದ್ದು, ಹಂಗಾಗಿ ಕಲ್ಲು ಮಸಕ ಆಗಿ ಎಷ್ಟು ಕೆಳಗ ಅದ ಅನ್ನೂದು ತಿಳಿಯೂದಿಲ್ಲ. ಕುತ್ತಿಗಿ ಬಗ್ಗಿಸಿ ಮ್ಯಾಲಿನ ಭಾಗದಿಂದ ನೋಡ್ಬೇಕು, ತಾಸುಗಟ್ಟಲೆ ಹಂಗ ನೋಡಿದ್ರ ಕುತ್ತಿಗಿ ಹಿಡೀತದ. ನಮ್ಮ ಕಣ್ಣಿನ ಡಾಕ್ಟರು ಇದನ್ನ ಮೊದಲೇ ಹೇಳಿದ್ರು, ದೂರದ ನಂಬರಿನ ಹಳೇ ಸಾದಾ ಚಷ್ಮಾ ಹಾಕ್ಕೊಂಡು ಹೋಗಿದ್ದೆ, ಅದಕ್ಕ ಹಿಂದ ದಾರ ಕಟ್ಟಿದ್ದೆ. ಎರಡೂ ಕಣಿವಿಗೆ ಇದು ಬೇಕು, ಸಾಂಧಣಕ್ಕ ಹೆಚ್ಚು ಬೇಕು, ಅಲ್ಲಿ ತಾಸುಗಟ್ಟಲೆ ಕಲ್ಲಿನಿಂದ ಕಲ್ಲಿಗೆ ಹಾಯೂದೇ ಕೆಲಸ, ಒಂದು ಕಲ್ಲು ಮೊಣಕಾಲೆತ್ತರ ಇದ್ರ ಮುಂದಿಂದು ಎದಿ ಎತ್ತರ, ಕುಂತು ಜಾರೂದು, ತಿರುಗಿ ಇಳಿಯೂದು, ಚೂಡಿದಾರದ ಹಿಂದಿನ ಭಾಗ ಅಂತೂ ಹೋತು ಅಂತ ತಿಳೀರಿ, ಜೀನ್ಸೂ ಬ್ಯಾಡ, ಹಸಿ ಆದ್ರ ಭಾರ, ಆರೂದಿಲ್ಲ. ಟ್ರ್ಯಾಕ್ ಪ್ಯಾಂಟೇ ಛಲೋ.

ಹಗ್ಗ ಬರೂದು ಆಮ್ಯಾಲ. ಸುಮಾರು 45 ಫೂಟಿನ ಇಳಿಜಾರು, ಇಳಿಜಾರೇನು, ಗ್ವಾಡಿನೇ. ಸೊಂಟಕ್ಕ ತೊಡಿಗೆ ಪಟ್ಟಾ ಕಟ್ಟಿ, ಹೆಲ್ಮೆಟ್ ಹಾಕಿ, ಒಂದು ಹಗ್ಗ ಇಳಿಯಾಕ, ಇನ್ನೊಂದು ಜೀವಕ್ಕ, ಅದನ್ನ ಮ್ಯಾಲ ಒಬ್ಬ ಹಿಡದಿರ್ತಾನ. ಮಾರಿ ಕಲ್ಲಿಗೆ, ಬೆನ್ನು ಖಾಲಿ ಜಾಗಕ್ಕ. ಇಲ್ಲಿ ಮೈ ಹೇಳೂದು ಒಂದು, ಮಾಡಬೇಕಾದ್ದು ಅದರ ಉಲ್ಟಾ. ಮೈ ಹೇಳ್ತದ ಕಲ್ಲನ್ನ ತಬ್ಬಿಕೋ ಅಂತ, ತಬ್ಬಿಕೊಂಡ್ರ ಕಾಲು ಜಾರತಾವ, ಮೊಣಕಾಲು ಬಡಕೋತದ. ಹಿಂದ ವಾಲಬೇಕು, ಕಾಲು ಅಗಲ ಮಾಡಿ ಅಂಗಾಲು ಪೂರಾ ಕಲ್ಲಿಗೆ ಊರಬೇಕು, ಹಗ್ಗದ ಮ್ಯಾಲ ಕುಂದ್ರಬೇಕು. ಲೀಡರ್ ಹುಡುಗ ನಾಲ್ಕು ಸಲ ಹೇಳಿದ, ಐದನೇದಕ್ಕ ನಾನು ವಾಲಿದೆ, ವಾಲಿದ ಮ್ಯಾಲ ಏನೂ ಇಲ್ಲ, ಹಂಗ ನಡಕೋತ ಇಳದೆ. ಮೊಣಕಾಲಿಗೆ ನೋವು ಇಲ್ಲೇ ಇಲ್ಲ, ಇದು ನನಗ ಆಶ್ಚರ್ಯ, ಇಡೀ ದಿನದಾಗ ಮೊಣಕಾಲಿಗೆ ಆರಾಮ ಇದ್ದದ್ದು ಹಗ್ಗದ ಮ್ಯಾಲೇ, ಭಾರ ಪಟ್ಟಾದ ಮ್ಯಾಲ ಇರ್ತದ ನೋಡ್ರಿ. ಮಂದಿ ಹಗ್ಗಕ್ಕ ಅಂಜಿ ಸಾಂಧಣ ಬ್ಯಾಡ ಅಂತಾರ, ನಾನು ಹೇಳೂದು ಅಂಜಬೇಕಾದ್ದು ಹಗ್ಗಕ್ಕಲ್ಲ, ಹಗ್ಗ ಆದ ಮ್ಯಾಲೂ ಇನ್ನೂ ಉಳಿಯೂ ಬಂಡಿಗಲ್ಲಿಗೆ, ಆವಾಗ ತೊಡಿ ನಡಗಾಕ ಶುರು ಆಗಿರ್ತಾವ, ವಾಪಸ್ ಹೋಗೂ ದಾರಿನೂ ಮ್ಯಾಲೇ ಉಳದಿರ್ತದ.

ವೈನಿ ಮ್ಯಾಲ ನಿಂತು ನಾ ಇಳಿಯಂಗಿಲ್ಲ ಅಂದ್ರು. ಲೀಡರ್ ಹುಡುಗ ಧೈರ್ಯ ಹೇಳಾಕ ಬಂದ, ಕಾಕಾ ಅವನನ್ನ ತಡದ್ರು. ಇಳೀದಿದ್ರ ನಾನೇ ಇವ್ರನ್ನ ಬಂದ ದಾರಿಯಿಂದ ಊರಿಗೆ ಕರಕೊಂಡು ಹೋಗ್ತೀನಿ, ಸಂಜಿತನಕ ಟೈಮ್ ಅದ ಅಂದ್ರು. ಯಾರೂ ಒತ್ತಾಯ ಮಾಡಲಿಲ್ಲ. ಹೋಗಾಕ ಆಗ್ತದ ಅಂತ ತಿಳದ ಮ್ಯಾಲೇ ವೈನಿ ಪಟ್ಟಾ ಕಟ್ರಿ ಅಂದ್ರು, ಕಣ್ಣು ಮುಚ್ಚಿ ಇಳದ್ರು, ಅರ್ಧಕ್ಕ ನಮ್ಮ ಅಕ್ಕಲಕೋಟದ ಸಂತರ ಹೆಸರು ಹಿಡದು ಸ್ವಾಮಿ ಸಮರ್ಥ ಸ್ವಾಮಿ ಸಮರ್ಥ ಅಂತ ಜೋರಾಗಿ ಅಂದದ್ದು ಪೂರಾ ದರ್ಯಾಗ ಕೇಳಸ್ತು, ಕೆಳಗ ಇದ್ದ ಹುಡುಗ್ರು ಚಪ್ಪಾಳಿ ಹೊಡದ್ರು, ವೈನಿ ಅವ್ರಿಗೆ ಬೈದ್ರು. ಅದಕ್ಕೇ ನಾನು ಗೈಡ್‌ಗೆ ಹೆಚ್ಚು ಮಾರ್ಕ್ಸ್ ಅಂದದ್ದು, ಧೈರ್ಯ ಹೇಳೂ ಗೈಡ್ ಭಾಳ ಸಿಗ್ತಾರ, ವಾಪಸ್ ಕರಕೊಂಡು ಹೋಗಾಕ ತಯಾರ್ ಇರೂ ಗೈಡ್ ಕಡಿಮಿ. ಬುಕ್ ಮಾಡೋಕ ಮುಂಚೆ ಇದೊಂದು ಪ್ರಶ್ನೆ ಕೇಳ್ರಿ: ನಮ್ಮಲ್ಲಿ ಒಬ್ರು ಹಗ್ಗದ ಹತ್ರ ಬ್ಯಾಡ ಅಂದ್ರ ಅವ್ರನ್ನ ಯಾರು ಹಿಂದ ಕರಕೊಂಡು ಬರ್ತಾರ? ಉತ್ತರಕ್ಕ ತಡ ಆತಂದ್ರ ಬ್ಯಾರೆಯವ್ರನ್ನ ಹುಡುಕ್ರಿ.

ಕೆಳಗ ಇಳದ ಮ್ಯಾಲ ಎರಡು ದಾರಿ, ಒಂದು ಕೋಕಣದಾಗ ಡೇಹಣೆ ಅನ್ನೋ ಹಳ್ಳಿಗೆ ಇಳದು ಅಲ್ಲಿಂದ ಜೀಪಿನ್ಯಾಗ ಆಸನಗಾಂವ ಸ್ಟೇಷನ್, ಇನ್ನೊಂದು ಕರೋಲಿ ಘಾಟ ಹತ್ತಿ ವಾಪಸ್ ಸಾಮ್ರದ. ಹುಡುಗ್ರು ಕರೋಲಿ ಹತ್ತಿದ್ರು. ನಾವು ಡೇಹಣೆ. ಅದರಾಗೂ ಇಳಿಯೂದು ಮುಗಿಯೂದಿಲ್ಲ, ಬೂಟಿನ ತುದಿಗೆ ಬೆರಳು ಬಡದು ಬಡದು ವೈನಿದು ಹೆಬ್ಬೆರಳಿನ ಉಗುರು ಕಪ್ಪಾಗಿ ಆಮ್ಯಾಲ ಹೋತು. ಉಗುರು ಹಿಂದಿನ ದಿನ ಸಣ್ಣ ತಕ್ಕೊಳ್ರಿ, ಬೂಟಿನ ಲೇಸು ಮ್ಯಾಲಿನ ಎರಡು ತೂತಿನ್ಯಾಗ ಬಿಗಿ ಕಟ್ರಿ, ಹಿಮ್ಮಡಿ ಜಾರಬಾರದು. ಸಾಂಧಣದಾಗ ಕೋಲು ಅರ್ಧ ಉಪಯೋಗ, ಕಲ್ಲಿನ ಮ್ಯಾಲ ಕೈ ಬೇಕಾಗ್ತದ. ಡೇಹಣೆ ಇಳಿಜಾರಿಗೆ, ಗಂಡಿಕೋಟಕ್ಕ, ಎರಡಕ್ಕೂ ಎರಡು ಕೋಲು ಇದ್ರ ಮೊಣಕಾಲಿನ ಭಾರ ಕೈಗೆ ಹಂಚತದ.

ತಯಾರಿ ನಮಗ ಒಂದು ತ್ರಾಸು, ಸಪಾಟ ನೆಲದಾಗ ಎಲ್ಲಿ ಇಳಿಯೂದು. ದಿನಾ ವಾಕಿಂಗ್ ಮಾಡ್ತೀನಿ ಅಂದ್ರ ಇದಕ್ಕ ಸಾಲೂದಿಲ್ಲ, ಇಳಿಯೂವಾಗ ತೊಡಿ ಮುಂದಿನ ಸ್ನಾಯು ಬಿಗಿ ಹಿಡದುಕೋತ ಉದ್ದ ಆಗ್ತದ, ಅದಕ್ಕ ರೂಢಿ ಇಲ್ಲಾಂದ್ರ ಮರುದಿನ ಮೆಟ್ಟಲ ಇಳಿಯಾಕ ಆಗೂದಿಲ್ಲ. ನಾವು ಶಾಳಿ ಮೆಟ್ಟಲ ಇಳಿಯೂದೇ ವ್ಯಾಯಾಮ ಮಾಡಿದ್ವಿ, ರವಿವಾರ ನಳದುರ್ಗ ಕೋಟಿಗೆ ಹೋಗಿ ಉಪಳಿ ಬುರುಜಿನ ಮೆಟ್ಟಲ ಹತ್ತೂದು ಇಳಿಯೂದು. ನಳದುರ್ಗದಾಗ ಬೋರಿ ನದಿ ಒಡ್ಡಿನ್ಯಾಗ ಪಾಣಿ ಮಹಲ್ ಅದ, ಅದನ್ನೂ ನೋಡಿದಂಗ ಆತು. ಗಂಡಿಕೋಟಕ್ಕ ಇಷ್ಟೆಲ್ಲ ಬೇಕಾಗಿಲ್ಲ.

ಮೂರನೇದು ಗೋಕಾಕ ಅಂತ ಕೆಲವ್ರು ಕೇಳ್ತಾರ. ಘಟಪ್ರಭಾ 52 ಮೀಟರ್ ಜಿಗಿದು ಕಣಿವಿಗೆ ಬೀಳೂದು, ತೂಗು ಸೇತುವಿ, ಮಳಿಗಾಲದಾಗ ನೋಡಾಕ ಎರಡನ್ನೂ ಮೀರಸ್ತದ. ಆದ್ರ ಅದು ನಿಂತು ನೋಡೂ ಕಣಿವಿ, ಒಳಗ ನಡಿಯೂದಲ್ಲ, ಹಂಗಾಗಿ ಇಲ್ಲಿ ಹಿಡೀಲಿಲ್ಲ.

ಖರ್ಚಿನ್ಯಾಗ ಫರಕು ಭಾಳಿಲ್ಲ, ಸಾಂಧಣದಾಗ ರೊಕ್ಕ ಹಗ್ಗಕ್ಕ ಗೈಡಿಗೆ ಹೋಗ್ತದ, ಗಂಡಿಕೋಟದಾಗ ಗಾಡಿಗೆ. ಗಂಡಿಕೋಟಕ್ಕ ಹೋದ್ರ ಒಂದು ದಿನ ಹೆಚ್ಚಿಗೆ ಇಟ್ಕೊಂಡು ಬೇಲಂ ಗವಿ ನೋಡಿ ಬರ್ರಿ, ಮೂರು ಕಿಲೋಮೀಟರಿಗಿಂತ ಉದ್ದ, ನೆಲದೊಳಗ, ಒಳಗ ಶೆಖಿ ಆಗ್ತದ, ಆದ್ರ ಮೆಟ್ಟಲ ದೀಪ ಎಲ್ಲಾ ಅವ. ಸಾಂಧಣದವ್ರಿಗೆ ಬಾಜೂಕ ರತನವಾಡಿಯ ಅಮೃತೇಶ್ವರ ಗುಡಿ ಅದ, ಅದನ್ನ ಹೋಗೂ ದಿನನೇ ನೋಡ್ಬೇಕು, ಬರೂವಾಗ ಡೇಹಣೆ ಕಡೆ ಇಳದ ಮ್ಯಾಲ ಅದು ಗುಡ್ಡದಾಚೆ.

ತಿಂಗಳ ಲೆಕ್ಕ ಹೇಳ್ತೀನಿ, ಇದರಾಗ ಮಾತ್ರ ಚೌಕಾಶಿ ಇಲ್ಲ. ಸಾಂಧಣಕ್ಕ ಮಳಿಗಾಲದಾಗ ಹೋಗಬಾರದು, ಮಳಿ ಇಲ್ಲೆ ಬೀಳದಿದ್ರೂ ಮ್ಯಾಲ ಬಿದ್ದ ನೀರು ಅದೇ ಬಿರುಕಿನ್ಯಾಗ ಒಮ್ಮೆಲೇ ಬರ್ತದ, ಹತ್ತಾಕ ಗ್ವಾಡಿ ಬಿಟ್ರ ಏನಿಲ್ಲ. ಡಿಸೆಂಬರಿಂದ ಫೆಬ್ರವರಿ ನಮ್ಮಂಥಾವ್ರಿಗೆ ಸರಿ, ನೀರು ಸ್ವಲ್ಪ ಇಳದಿರ್ತದ. ಗಂಡಿಕೋಟಕ್ಕ ಮಾರ್ಚಿನ ಮ್ಯಾಲ ಹೋಗಬ್ಯಾಡ್ರಿ, ಕಡಪಾ ಬಿಸಲು ನಮ್ಮ ಸೊಲ್ಲಾಪುರದ ಬಿಸಲಿಗೆ ಅಣ್ಣ. ದೀಪಾವಳಿ ಸೂಟಿ ಗಂಡಿಕೋಟಕ್ಕ ಕರೆಕ್ಟ್, ಮುಂಜಾನಿ ಆರಕ್ಕ ಅಂಚಿಗೆ ಹೋಗಿ ಹತ್ತರ ಒಳಗ ಕೆಳಗಿಂದ ಹತ್ತಿ ಬಂದಿರಬೇಕು, ಆಮ್ಯಾಲ ಮಧ್ಯಾಹ್ನ ತಾತನ ಜೋಡಿ ಉಗ್ರಾಣದ ನೆರಳಾಗ ಕುಂತು ಕಥಿ ಕೇಳ್ರಿ. ಈ ಸಲ ನಮ್ಮ ಶಾಳಿ ಹೊಸ ಟೀಚರ್ ಸಾಂಧಣಕ್ಕ ಹೊಂಟಾಳ, ವಯಸ್ಸು ಇಪ್ಪತ್ತೆಂಟು, ಅಕಿಗೆ ಇದ್ಯಾವದೂ ಬೇಕಾಗಿಲ್ಲ. ಅವ್ರ ಅವ್ವನೂ ಜೋಡಿ ಹೊಂಟಾರಂತ, ಇಷ್ಟೆಲ್ಲ ಬರದದ್ದು ಅವ್ರಿಗೆ.